ಜೂನ್ 2, ಮಾರ್ಚ್ 3, ಡಿಸೆಂಬರ್ 17: ಲೈಂಗಿಕ ಕಾರ್ಮಿಕರ ಚಳವಳಿಯ ಕಾಲರೇಖೆ ಎಲ್ಲಿಂದ ಶುರು ಮಾಡಬೇಕು?

ಭಿತ್ತಿಪತ್ರ (ಪ್ರಶ್ನೆ)

ಲೈಂಗಿಕ ಕಾರ್ಮಿಕರ ಹಕ್ಕುಗಳಿಗಾಗಿ ಜಗತ್ತಿನಲ್ಲಿ ನಡೆದ ಚಳವಳಿಯ ಬಗ್ಗೆ ಗೋಡೆಗೆ ಹಚ್ಚುವ ಎಂಟು ಹಾಳೆಗಳ ಕಾಲರೇಖೆ ಕನ್ನಡದಲ್ಲಿ ತಯಾರಾಗಬೇಕಿದೆ. ಒಂದು ಹಾಳೆಗೆ 80 ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಆದ್ದರಿಂದ ಮುಖ್ಯವಾದದ್ದು ಯಾವುದು, ಬಿಡಬಹುದಾದದ್ದು ಯಾವುದು ಅನ್ನುವುದೇ ದೊಡ್ಡ ತಲೆನೋವು.

ಕೆಲವರು ಜೂನ್ 2 ಲೈಂಗಿಕ ಕಾರ್ಮಿಕರ ದಿನ ಅನ್ನುತ್ತಾರೆ, ಇನ್ನು ಕೆಲವರು ಮಾರ್ಚ್ 3 ಅನ್ನುತ್ತಾರೆ, ಡಿಸೆಂಬರ್ 17ಕ್ಕೂ ಮೇಣದಬತ್ತಿ ಹಚ್ಚುತ್ತಾರೆ. ಇವು ಒಂದೇ ದಿನದ ಬೇರೆ ಬೇರೆ ಆವೃತ್ತಿಗಳೋ, ಬೇರೆ ಬೇರೆ ದಿನಗಳೋ? ಕೆಂಪು ಕೊಡೆ ಎಲ್ಲಿಂದ ಬಂತು? ಭಾರತವನ್ನು ಕೊನೆಯ ಹಾಳೆಯಲ್ಲಿ 'ನಮ್ಮಲ್ಲೂ' ಅಂತ ಸೇರಿಸಿದರೆ ಸಾಕೋ, ನಡುವೆ ತರಬೇಕೋ? ಇನ್ನೊಂದು, ಕನ್ನಡದಲ್ಲಿ ಯಾವ ಪದ ಬಳಸುವುದು? ಪತ್ರಿಕೆಗಳಲ್ಲಿ ಒಂದು, ಸರ್ಕಾರಿ ಆದೇಶದಲ್ಲಿ ಒಂದು, ಸಂಘಟನೆಯವರ ಬಾಯಲ್ಲಿ ಒಂದು. ವಿಷಯ ಬಲ್ಲವರು ದಯವಿಟ್ಟು ಇಸವಿ ಸಮೇತ ಹೇಳಿ.

ಹಳೇಕಡತ

ಮೂರೂ ಬೇರೆ ಬೇರೆ ದಿನಗಳು. ಮೂರರ ಹಿಂದೆಯೂ ಬೇರೆ ಬೇರೆ ಊರು, ಬೇರೆ ಬೇರೆ ಬೇಡಿಕೆ ಇವೆ. ಒಂದೇ ಹಾಳೆಯಲ್ಲಿ ಮೂರನ್ನೂ ತುರುಕಿದರೆ ಆ ವ್ಯತ್ಯಾಸವೇ ಮಾಯವಾಗುತ್ತದೆ. ಮೂರಕ್ಕೂ ಮೂರು ಹಾಳೆ ಕೊಡಿ.

ಜೂನ್ 2 ಫ್ರಾನ್ಸಿನ ಲಿಯಾನ್ ನಗರದ್ದು, 1975. ಅಲ್ಲಿನ ಸೇಂಟ್ ನಿಜಿಯೆ ಚರ್ಚಿನೊಳಗೆ ಸುಮಾರು ನೂರು ಹೆಂಗಸರು ಹೋಗಿ ಕೂತರು, ಏಳಲಿಲ್ಲ. ಯಾಕೆ ಕೂತರು ಅನ್ನುವುದನ್ನು ಬರೆಯದಿದ್ದರೆ ಹಾಳೆ ಪೊಳ್ಳಾಗುತ್ತದೆ. ಫ್ರಾನ್ಸಿನಲ್ಲಿ 1946ರಲ್ಲೇ ಪರವಾನಗಿ ಪಡೆದ ವೇಶ್ಯಾಗೃಹಗಳನ್ನು ಮುಚ್ಚಿಸಿದ್ದರು. ದುಡಿಮೆ ಅಪರಾಧವಾಗಿರಲಿಲ್ಲ, ಆದರೆ ಬೀದಿಯಲ್ಲಿ ನಿಂತು ಗಿರಾಕಿ ಕರೆಯುವುದಕ್ಕೆ ದಂಡ ಇತ್ತು. ಸುಮ್ಮನೆ ನಿಂತಿದ್ದರೂ 'ಕರೆದಂತೆ' ಎಂದು ಲೆಕ್ಕ ಹಿಡಿಯಬಹುದಿತ್ತು. 70ರ ದಶಕದ ಆರಂಭದಲ್ಲಿ ಲಿಯಾನ್ ಪೊಲೀಸರ ಲಂಚದ ಹಗರಣ ಬಯಲಾಯಿತು. ಅದರ ಸಿಟ್ಟು ತಿರುಗಿದ್ದು ಹೆಂಗಸರ ಕಡೆಗೆ. ಅವರು ಬಳಸುತ್ತಿದ್ದ ಸಣ್ಣ ಹೋಟೆಲುಗಳ ಬಾಗಿಲು ಹಾಕಿಸಿದರು. ಒಳಗಿದ್ದವರು ಬೀದಿಗೆ, ಅಪರಿಚಿತರ ಕಾರಿಗೆ ಬಂದರು. ಬೀದಿಗೆ ಬಂದ ಮೇಲೆ ದಂಡವೂ ಹೆಚ್ಚಿತು, ಹೊಡೆತವೂ ಹೆಚ್ಚಿತು, ಕೊಲೆಗಳೂ ಆದವು. ಕೊಂದವರನ್ನು ಹುಡುಕುವುದಕ್ಕಿಂತ ಚುರುಕಾಗಿ ದಂಡದ ಚೀಟಿ ಬರೆಯುತ್ತಿದ್ದ ಪೊಲೀಸರು, ಮತ್ತೆ ಮತ್ತೆ ಸಿಕ್ಕಿಬಿದ್ದವರನ್ನು ಜೈಲಿಗೂ ಕಳಿಸಲು ಶುರು ಮಾಡಿದಾಗ ಈ ಧರಣಿ.

ಚರ್ಚಿನ ಮುಂದೆ ಕಟ್ಟಿದ ಬ್ಯಾನರಿನಲ್ಲಿ ಇದ್ದದ್ದು ಇಷ್ಟು: ನಮ್ಮ ಮಕ್ಕಳಿಗೆ ತಾಯಂದಿರು ಜೈಲಿನಲ್ಲಿರುವುದು ಬೇಡ. ನಿಮ್ಮ ಹಾಳೆಗೆ ಬೇರೆ ಶೀರ್ಷಿಕೆ ಹುಡುಕಬೇಡಿ, ಇದೇ ಸಾಕು. ಅವರ ಬೇಡಿಕೆ 'ಈ ವೃತ್ತಿಯನ್ನು ಮೆಚ್ಚಿಕೊಳ್ಳಿ' ಎಂಬುದಾಗಿರಲಿಲ್ಲ. ದಂಡ ನಿಲ್ಲಿಸಿ, ಜೈಲು ನಿಲ್ಲಿಸಿ, ಕೊಂದವರನ್ನು ಹಿಡಿಯಿರಿ ಎಂಬುದಾಗಿತ್ತು. ಪ್ಯಾರಿಸ್, ಮಾರ್ಸೇ, ಗ್ರೆನೋಬಲ್, ಮೊಂಪೆಲಿಯೆಗಳಲ್ಲೂ ಹೆಂಗಸರು ಇದೇ ದಾರಿ ಹಿಡಿದರು. ಜೂನ್ 10ರ ಬೆಳಿಗ್ಗೆ ಪೊಲೀಸರು ಚರ್ಚಿಗೆ ನುಗ್ಗಿ ಎಬ್ಬಿಸಿ ಕಳಿಸಿದರು. ಸರ್ಕಾರ ಒಬ್ಬ ನ್ಯಾಯಾಧೀಶರಿಂದ ವರದಿ ಬರೆಸಿತು, ಆಮೇಲೆ ಕಪಾಟಿಗೆ ಹಾಕಿತು. ಕಾನೂನು ಒಂದಕ್ಷರ ಬದಲಾಗಲಿಲ್ಲ. 'ಲಿಯಾನ್ ಗೆಲುವು' ಎಂದು ಬರೆದ ಪೋಸ್ಟರುಗಳನ್ನು ನಂಬಬೇಡಿ. ಎಂಟು ದಿನ ಕೂತರು, ಎಂಟು ದಿನವೂ ಪತ್ರಿಕೆಗಳಲ್ಲಿ ಅವರ ಮಾತು ಅವರದೇ ಬಾಯಿಂದ ಬಂತು, ಅಷ್ಟೇ ದಕ್ಕಿದ್ದು. ಅದು ಸಣ್ಣದಲ್ಲ.

ಡಿಸೆಂಬರ್ 17 ಅಮೆರಿಕದ್ದು, 2003. ಸಿಯಾಟಲ್ ಸುತ್ತಮುತ್ತ ಗ್ಯಾರಿ ರಿಡ್ಜ್‌ವೇ ಎಂಬವನು ಹತ್ತಾರು ಹೆಂಗಸರನ್ನು ಕೊಂದಿದ್ದ, ಅವರಲ್ಲಿ ಬಹಳ ಜನ ಬೀದಿಯಲ್ಲಿ ಈ ದುಡಿಮೆಯಲ್ಲಿದ್ದವರು. ಅವನಿಗೆ ಶಿಕ್ಷೆಯಾದ ವರ್ಷ, ಹಿಂದೆ ಇದೇ ದುಡಿಮೆಯಲ್ಲಿದ್ದ ಕಲಾವಿದೆ ಆನಿ ಸ್ಪ್ರಿಂಕಲ್ ಮತ್ತು ಅಲ್ಲಿನ ಸಂಘಟನೆಯವರು ಸತ್ತವರ ನೆನಪಿಗೆ ಶುರು ಮಾಡಿದ ದಿನ. ಇದು ಹಿಂಸೆಯ ವಿರುದ್ಧದ ದಿನ, ಶೋಕದ ದಿನ. ಇದಕ್ಕೆ 'ಶುಭಾಶಯ' ಹಾಕಿದ ಬ್ಯಾನರ್ ಕಂಡರೆ ಬರೆದವರಿಗೆ ವಿಷಯ ಗೊತ್ತಿಲ್ಲ ಅಂತಲೇ ಅರ್ಥ.

ಮಾರ್ಚ್ 3 ನಮ್ಮದು, ಕೋಲ್ಕತ್ತದ್ದು. ಅದನ್ನು ಇನ್ನೊಬ್ಬರು ಹೇಳಲಿ.

ತುಂಗಾತೀರ

ಹಳೇಕಡತ ಅವರ ಮಾತಿಗೆ ಒಂದು ತಿದ್ದುಪಡಿಯಲ್ಲ, ಒಂದು ಸೇರ್ಪಡೆ. ಲಿಯಾನ್‌ಗಿಂತ ಎರಡು ವರ್ಷ ಮೊದಲೇ, 1973ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾರ್ಗೋ ಸೇಂಟ್ ಜೇಮ್ಸ್ 'ಕೊಯೋಟಿ' ಎಂಬ ಸಂಘಟನೆ ಕಟ್ಟಿದ್ದರು. ಹಾಗಾಗಿ 'ಮೊಟ್ಟಮೊದಲ ಬಾರಿಗೆ' ಎಂದು ಲಿಯಾನ್ ಹಾಳೆಯಲ್ಲಿ ಬರೆಯಬೇಡಿ. ಅಮೆರಿಕದ್ದು ಸಂಘಟನೆ, ಲಿಯಾನಿನದ್ದು ಮುಷ್ಕರ, ಎರಡರ ಜಾಯಮಾನವೇ ಬೇರೆ.

ನನ್ನ ಅಭಿಪ್ರಾಯದಲ್ಲಿ ಕಾಲರೇಖೆಯ ಮೊದಲ ಹಾಳೆ ಈ ಎರಡೂ ಅಲ್ಲ, ಇನ್ನೂ ನೂರು ವರ್ಷ ಹಿಂದಿನದ್ದು. ಇಂಗ್ಲೆಂಡಿನಲ್ಲಿ 1864, 1866, 1869ರಲ್ಲಿ ಸಾಂಕ್ರಾಮಿಕ ರೋಗ ಕಾಯ್ದೆಗಳು ಬಂದವು. ಸೈನಿಕರಿಗೆ ಗುಹ್ಯರೋಗ ಬರಬಾರದೆಂದು ಪೊಲೀಸರು ಯಾವುದೇ ಹೆಂಗಸನ್ನು ವೇಶ್ಯೆಯೆಂದು ಶಂಕಿಸಿ ತಪಾಸಣೆಗೆ ಎಳೆಯಬಹುದಿತ್ತು. ರೋಗ ಕಂಡರೆ 'ಲಾಕ್ ಆಸ್ಪತ್ರೆ'ಯಲ್ಲಿ ಕೂಡಿಹಾಕುತ್ತಿದ್ದರು. ಸೈನಿಕನಿಗೆ ತಪಾಸಣೆ ಇಲ್ಲ. ಭಾರತದಲ್ಲಿ 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಕಾಯ್ದೆ ಅದೇ ಕೆಲಸ ಮಾಡಿದವು. ಬೆಂಗಳೂರಿನ ದಂಡು ಪ್ರದೇಶದಲ್ಲೂ ಲಾಕ್ ಆಸ್ಪತ್ರೆ ಇತ್ತು. ಜೋಸೆಫಿನ್ ಬಟ್ಲರ್ ಮುಂದಾಳತ್ವದಲ್ಲಿ ಹೋರಾಟ ನಡೆದು 1886ರಲ್ಲಿ ಇಂಗ್ಲೆಂಡಿನ ಕಾಯ್ದೆಗಳು ರದ್ದಾದವು. ಆ ಹೋರಾಟ ಲೈಂಗಿಕ ಕಾರ್ಮಿಕರದ್ದಲ್ಲ, ಅವರ ಪರವಾಗಿ ಬೇರೆಯವರು ಮಾಡಿದ್ದು. ಮುಂದೆ ಈ 'ಪರವಾಗಿ' ಅನ್ನುವುದೇ ಜಗಳದ ಮೂಲವಾಯಿತು.

ಇದು ಯಾಕೆ ಮುಖ್ಯವೆಂದರೆ, 1985ರ ಫೆಬ್ರುವರಿಯಲ್ಲಿ ಆಂಸ್ಟರ್‌ಡ್ಯಾಮಿನಲ್ಲಿ ಸೇರಿದ ಮೊದಲ ವಿಶ್ವ ಸಮಾವೇಶದಲ್ಲಿ ಹಕ್ಕುಗಳ ವಿಶ್ವ ಸನ್ನದು ಹೊರಟಿತಲ್ಲ, ಅದರ ಆರೋಗ್ಯದ ಕಲಮು ನೇರವಾಗಿ ಈ ಇತಿಹಾಸಕ್ಕೆ ಉತ್ತರ. ತಪಾಸಣೆ ಕಡ್ಡಾಯ ಮಾಡುವುದಾದರೆ ಲೈಂಗಿಕವಾಗಿ ಸಕ್ರಿಯರಾಗಿರುವ ಎಲ್ಲರಿಗೂ ಕಡ್ಡಾಯ ಮಾಡಿ, ಇಲ್ಲವಾದರೆ ನಮಗೂ ಬೇಡ ಎಂಬುದು ಅದರ ಸಾರ. ಓದಿದವರಿಗೆ ಮೊಂಡುತನ ಅನ್ನಿಸಬಹುದು. ಲಾಕ್ ಆಸ್ಪತ್ರೆಯ ಹಾಳೆ ಮೊದಲು ಓದಿದವರಿಗೆ ಹಾಗನ್ನಿಸುವುದಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಎರಡನೇ ಸಮಾವೇಶ ಬ್ರಸೆಲ್ಸಿನಲ್ಲಿ, ಯುರೋಪಿಯನ್ ಸಂಸತ್ತಿನ ಕಟ್ಟಡದಲ್ಲೇ ನಡೆಯಿತು. ಎರಡರಲ್ಲೂ ಕಂಡದ್ದು ಹೆಚ್ಚಾಗಿ ಯುರೋಪು, ಅಮೆರಿಕದ ಮುಖಗಳೇ. 'ವಿಶ್ವ' ಅನ್ನುವ ಪದ ಹೆಸರಿನಲ್ಲಿ ದೊಡ್ಡದಿತ್ತು, ಸಭಾಂಗಣದಲ್ಲಿ ಚಿಕ್ಕದಿತ್ತು. ಅದೇ ದಶಕದಲ್ಲಿ ಈಕ್ವೆಡಾರಿನ ಮಚಾಲಾದಲ್ಲಿ 1982ರಲ್ಲೇ ಹೆಂಗಸರ ಸಂಘ ಎದ್ದಿತ್ತು, 1987ರಲ್ಲಿ ಗೇಬ್ರಿಯೆಲಾ ಲೈಟೆ ಮುಂದಾಳತ್ವದಲ್ಲಿ ಬ್ರೆಜಿಲಿನ ಮೊದಲ ರಾಷ್ಟ್ರೀಯ ಸಭೆ ರಿಯೋದಲ್ಲಿ ನಡೆಯಿತು. ಇವೆರಡನ್ನೂ ಅದೇ ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಹಾಕಿ.

ಪದದ ವಿಷಯ. 'ಸೆಕ್ಸ್ ವರ್ಕ್' ಪದ ಕೊಟ್ಟವರು ಇದೇ ದುಡಿಮೆಯಲ್ಲಿದ್ದ ಹೋರಾಟಗಾರ್ತಿ ಕ್ಯಾರಲ್ ಲೀ, 70ರ ದಶಕದ ಕೊನೆಗೆ, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮಹಿಳಾ ಸಮಾವೇಶದಲ್ಲಿ. ಗೋಷ್ಠಿಯ ಹೆಸರಿನಲ್ಲಿ 'ಲೈಂಗಿಕ ಬಳಕೆಯ ಉದ್ಯಮ' ಎಂಬ ಅರ್ಥದ ಮಾತಿತ್ತು. ಅವರ ತಕರಾರು ಏನೆಂದರೆ, ಅದು ಗಂಡಸು ಮಾಡುವುದನ್ನು ಹೇಳುತ್ತದೆ, ಬಳಸುವುದನ್ನು. ಹೆಂಗಸು ಅಲ್ಲಿ ಏನು ಮಾಡುತ್ತಾಳೋ ಅದನ್ನು ಹೇಳಿ: ಕೆಲಸ. ಈ ಹಿನ್ನೆಲೆಯಲ್ಲಿ ಕನ್ನಡದ ಪದಗಳನ್ನು ತೂಗಿ ನೋಡಿ. ಸರ್ಕಾರದ ಕಾಗದಗಳಲ್ಲಿ ಬರುವ 'ದಮನಿತ ಮಹಿಳೆಯರು' ಅವರಿಗೆ ಏನಾಗಿದೆ ಅನ್ನುವುದನ್ನು ಹೇಳುತ್ತದೆ, ಅವರು ಏನು ಮಾಡುತ್ತಾರೆ ಅನ್ನುವುದನ್ನಲ್ಲ. ಸಾಲದ್ದಕ್ಕೆ ಗಂಡಸರನ್ನೂ ಲಿಂಗತ್ವ ಅಲ್ಪಸಂಖ್ಯಾತರನ್ನೂ ಹೊರಗಿಡುತ್ತದೆ. 'ಲೈಂಗಿಕ ಕಾರ್ಯಕರ್ತೆ' ಪತ್ರಿಕೆಗಳಲ್ಲಿ ರೂಢಿಯಾಗಿದೆ, ಆದರೆ ಕಾರ್ಯಕರ್ತೆ ಅಂದರೆ ಆಶಾ, ಅಂಗನವಾಡಿ, ಪಕ್ಷ ಇವೇ ನೆನಪಾಗುವುದು. 'ಲೈಂಗಿಕ ವೃತ್ತಿನಿರತರು' ಸರಿ, ಸ್ವಲ್ಪ ಇಲಾಖೆ ವಾಸನೆ. 'ಲೈಂಗಿಕ ಕಾರ್ಮಿಕರು' ಮೂಲ ಪದದ ಹಟವನ್ನು ಉಳಿಸುತ್ತದೆ, ಎಲ್ಲರನ್ನೂ ಒಳಗೊಳ್ಳುತ್ತದೆ. ಒಂದನ್ನು ಹಿಡಿದು ಎಂಟೂ ಹಾಳೆಯಲ್ಲಿ ಅದನ್ನೇ ಬಳಸಿ. 1975ರ ಹಾಳೆಯಲ್ಲಿ ಮಾತ್ರ ಆ ಪದ ಇನ್ನೂ ಹುಟ್ಟಿರಲಿಲ್ಲ, ಅದನ್ನು ಮರೆಯಬೇಡಿ.

ಗಡಿಭಾಗ

ಭಾರತವನ್ನು ಕೊನೆಗೆ ತಳ್ಳಿದರೆ ಕಾಲರೇಖೆ ಸುಳ್ಳು ಹೇಳಿದಂತಾಗುತ್ತದೆ. 90ರ ದಶಕದಲ್ಲಿ ಈ ಚಳವಳಿಯ ಭಾರಕೇಂದ್ರ ಯುರೋಪಿನಿಂದ ಕೋಲ್ಕತ್ತಕ್ಕೆ ಸರಿಯಿತು. ನಾಲ್ಕನೇ, ಐದನೇ ಹಾಳೆಗಳನ್ನು ಅಲ್ಲಿಗೆ ಇಡಿ.

1992ರಲ್ಲಿ ಕೋಲ್ಕತ್ತದ ಕೆಂಪುದೀಪ ಪ್ರದೇಶವಾದ ಸೋನಾಗಾಚಿಯಲ್ಲಿ ಏಡ್ಸ್ ತಡೆಯುವ ಯೋಜನೆ ಶುರುವಾಯಿತು, ನಡೆಸಿದವರು ಡಾ. ಸ್ಮರಜಿತ್ ಜಾನಾ. ಅವರು ಕೂಲಿಕಾರರ ಕೆಲಸದ ಜಾಗದ ಆರೋಗ್ಯದ ತಜ್ಞರು. ಈ ಒಂದು ಸಂಗತಿಯಿಂದ ಎಲ್ಲವೂ ಬೇರೆಯಾಯಿತು. ಗಣಿಯಲ್ಲಿ ದೂಳು ಹೇಗೋ ಇಲ್ಲಿ ಸೋಂಕು ಹಾಗೆ, ಅಂದರೆ ಕೆಲಸದ ಅಪಾಯ ಎಂದು ಅವರು ನೋಡಿದರು. ಗಣಿ ಕಾರ್ಮಿಕನಿಗೆ 'ದೂಳು ಕುಡಿಯಬೇಡ' ಅಂತ ಬುದ್ಧಿ ಹೇಳಿದರೆ ಸಾಲದಲ್ಲ, ಗಣಿಯ ಪರಿಸ್ಥಿತಿ ಬದಲಾಗಬೇಕು. ಅಲ್ಲಿಯ ಹೆಂಗಸರನ್ನೇ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಮನೆಯಿಂದ ಮನೆಗೆ ಕಳಿಸಿದರು. ಹೋದವರು ತಂದ ವರದಿ ಇದು: ಕಾಂಡೋಮ್ ಬಗ್ಗೆ ಎಲ್ಲರಿಗೂ ಗೊತ್ತು, ಬೇಡ ಅನ್ನುವ ಗಿರಾಕಿಯನ್ನು ವಾಪಸ್ ಕಳಿಸುವ ತಾಕತ್ತಿಲ್ಲ. ಯಾಕಿಲ್ಲ? ಬಡ್ಡಿ ಕಟ್ಟಬೇಕು. ಪೊಲೀಸರಿಗೆ ಮಾಮೂಲು ಕೊಡಬೇಕು, ಮನೆಯೊಡತಿಯ ಪಾಲು ಬೇರೆ. ಒಬ್ಬಳು ಕಳಿಸಿದ ಗಿರಾಕಿಯನ್ನು ಪಕ್ಕದ ಮನೆಯವಳು ಕರೆದರೆ ಮುಗಿಯಿತು. ಆದ್ದರಿಂದ ಕಾಂಡೋಮಿನ ಪ್ರಶ್ನೆ ಸಂಘದ ಪ್ರಶ್ನೆಯಾಯಿತು. ಎಲ್ಲರೂ ಒಟ್ಟಿಗೆ ಬೇಡ ಅಂದರೆ ಗಿರಾಕಿಗೆ ಬೇರೆ ದಾರಿಯಿಲ್ಲ. 1995ರಲ್ಲಿ ದರ್ಬಾರ್ ಮಹಿಳಾ ಸಮನ್ವಯ ಸಮಿತಿ ಹುಟ್ಟಿತು, 1999ರಲ್ಲಿ ಯೋಜನೆಯ ಆಡಳಿತವೇ ಸಮಿತಿಯ ಕೈಗೆ ಬಂತು.

ಬಡ್ಡಿಯ ಕುಣಿಕೆ ಬಿಡಿಸಲು ಅದೇ 1995ರಲ್ಲಿ ಉಷಾ ಸಹಕಾರ ಸಂಘ. ನಿಮ್ಮ ಹಾಳೆಗೆ ಇದಕ್ಕಿಂತ ಒಳ್ಳೆಯ ಪ್ರಸಂಗ ಸಿಗದು. ಸಹಕಾರ ಸಂಘ ನೋಂದಣಿಗೆ ಸದಸ್ಯರು 'ಒಳ್ಳೆಯ ನಡತೆ'ಯವರಾಗಿರಬೇಕು ಎಂಬ ಕಲಮು ಪಶ್ಚಿಮ ಬಂಗಾಳದ ಕಾನೂನಿನಲ್ಲಿತ್ತು. ಅಧಿಕಾರಿಗಳು ಸುಲಭದ ದಾರಿ ತೋರಿಸಿದರು, 'ಗೃಹಿಣಿ ಅಂತ ಬರೆಯಿರಿ.' ಹೆಂಗಸರು ಒಪ್ಪಲಿಲ್ಲ. ಅರ್ಜಿಯಲ್ಲಿ ವೃತ್ತಿಯ ಎದುರು ಏನಿರಬೇಕೋ ಅದೇ ಇರಲಿ ಎಂದು ಪಟ್ಟು ಹಿಡಿದರು. ಕೊನೆಗೆ ಬಗ್ಗಿದ್ದು ಸರ್ಕಾರದ ಕಲಮು.

1997ರ ನವೆಂಬರಿನಲ್ಲಿ ಕೋಲ್ಕತ್ತದಲ್ಲೇ ಮೊದಲ ರಾಷ್ಟ್ರೀಯ ಸಮಾವೇಶ. 'ಗತರ್ ಖಾಟಿಯೆ ಖಾಯಿ, ಶ್ರಮಿಕೇರ್ ಅಧಿಕಾರ್ ಚಾಯಿ' ಎಂಬುದು ದರ್ಬಾರಿನ ಘೋಷಣೆ. ಮೈಮುರಿದು ದುಡಿದು ಉಣ್ಣುತ್ತೇವೆ, ದುಡಿಯುವವರ ಹಕ್ಕು ಕೊಡಿ ಎಂದು ಅರ್ಥ. 2001ರ ಮಾರ್ಚ್ 3ರಂದು ಅಲ್ಲಿ ನಡೆದ ಮೇಳದಲ್ಲಿ 25,000ಕ್ಕಿಂತ ಹೆಚ್ಚು ಜನ ಸೇರಿದರು, ಅನುಮತಿ ರದ್ದು ಮಾಡಿಸಲು ಪ್ರಯತ್ನಗಳು ನಡೆದಿದ್ದರೂ. ಮಾರ್ಚ್ 3 ಹಕ್ಕುಗಳ ದಿನವಾದದ್ದು ಹೀಗೆ. ಲಿಯಾನಿನದ್ದು ಎದ್ದು ಹೋಗುವುದಿಲ್ಲ ಅನ್ನುವ ದಿನ, ಇದು ಬಂದು ಸೇರಿದ ದಿನ.

ಕರ್ನಾಟಕದ ನಂಟು ಮೂರು ಕಡೆ ಇದೆ. ಸಾಂಗಲಿಯಲ್ಲಿ 1996ರಲ್ಲಿ ಎದ್ದ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತಿನ ಕೆಲಸ ಗಡಿ ದಾಟಿ ನಿಪ್ಪಾಣಿವರೆಗೂ ಬಂದಿದೆ. ಮೈಸೂರಿನಲ್ಲಿ 2005ರಿಂದ ಆಶೋದಯ ಸಮಿತಿ, ಬೆಂಗಳೂರಿನಲ್ಲಿ 2006ರಿಂದ ಕರ್ನಾಟಕ ಸೆಕ್ಸ್ ವರ್ಕರ್ಸ್ ಯೂನಿಯನ್. ಸಮಿತಿ, ಪರಿಷತ್ತು ಅನ್ನದೆ ಯೂನಿಯನ್ ಅಂದದ್ದು ಗಮನಿಸಿ. ಆರೋಗ್ಯ ಯೋಜನೆಯ ಬಾಲವಾಗಿ ಅಲ್ಲ, ಕಾರ್ಮಿಕ ಸಂಘವಾಗಿ ನಿಲ್ಲುವ ಉದ್ದೇಶ ಹೆಸರಲ್ಲೇ ಇದೆ. ದೇವದಾಸಿ ಪದ್ಧತಿಯ ಇತಿಹಾಸವನ್ನು ಈ ಹಾಳೆಗೆ ಬೆರೆಸಬೇಡಿ. ಅದರ ಕಾನೂನು ಬೇರೆ, ವಾದ ಬೇರೆ, ಜಾತಿಯ ಲೆಕ್ಕ ಬೇರೆ. 80 ಪದದಲ್ಲಿ ಎರಡೂ ಕೆಡುತ್ತವೆ.

ಹಣದ ಕಥೆಗೂ ಒಂದು ಮೂಲೆ ಇರಲಿ. 2003ರ ಅಮೆರಿಕದ ಏಡ್ಸ್ ನಿಧಿ ಕಾನೂನು, ಹಣ ಪಡೆಯುವವರು ವೇಶ್ಯಾವೃತ್ತಿಯನ್ನು ವಿರೋಧಿಸುವ ನೀತಿ ತಮ್ಮದೆಂದು ಬರೆದುಕೊಡಬೇಕು ಎಂದಿತು. ಯಾರ ಜೊತೆ ಕೆಲಸ ಮಾಡುತ್ತೀರೋ ಅವರ ದುಡಿಮೆಯನ್ನೇ ಖಂಡಿಸಿ ಸಹಿ ಹಾಕಿ ಎಂದಂತೆ. 2005ರಲ್ಲಿ ಬ್ರೆಜಿಲ್ ಸುಮಾರು 4 ಕೋಟಿ ಡಾಲರ್ ಬೇಡವೆಂದಿತು. ಸಾಂಗಲಿಯ ಸಂಗ್ರಾಮ್ ಸಂಸ್ಥೆಯೂ ಆ ಹಣ ಬಿಟ್ಟುಕೊಟ್ಟಿತು. 2012ರ ಜುಲೈನಲ್ಲಿ ವಾಷಿಂಗ್ಟನ್‌ನಲ್ಲಿ ವಿಶ್ವ ಏಡ್ಸ್ ಸಮ್ಮೇಳನ. ಹಿಂದಿನ ಹತ್ತು ವರ್ಷಗಳಲ್ಲಿ ಈ ವೃತ್ತಿಯಲ್ಲಿದ್ದವರಿಗೆ ಅಮೆರಿಕ ವೀಸಾ ಕೊಡುವುದಿಲ್ಲವಾದ್ದರಿಂದ ಅದೇ ವಾರ ಕೋಲ್ಕತ್ತದಲ್ಲಿ ಬೇರೆಯದೇ ಉತ್ಸವ ಮಾಡಿದರು.

ಭಿತ್ತಿಪತ್ರ

ಬಹಳ ಉಪಕಾರ. ಕೊನೆಯ ಹಾಳೆಗೆ '2022ರಲ್ಲಿ ಸುಪ್ರೀಂ ಕೋರ್ಟ್ ವೇಶ್ಯಾವೃತ್ತಿಯನ್ನು ಕಾನೂನುಬದ್ಧಗೊಳಿಸಿತು' ಎಂದು ಬರೆಯಬಹುದೇ? ಆಗಿನ ಪತ್ರಿಕೆಗಳಲ್ಲಿ ಹಾಗೇ ಇತ್ತು.

ಕಾನೂನುಕಟ್ಟೆ

ಬೇಡ. ಆ ವಾಕ್ಯದಲ್ಲಿ ಎರಡು ತಪ್ಪಿವೆ.

ಮೊದಲನೆಯದು, ಕಾನೂನುಬದ್ಧಗೊಳಿಸಲು ಅದು ಮೊದಲು ಅಪರಾಧವಾಗಿರಬೇಕಲ್ಲ. 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಲ್ಲಿ ವಯಸ್ಕ ವ್ಯಕ್ತಿ ಒಬ್ಬಳೇ ತನ್ನಿಚ್ಛೆಯಿಂದ, ಖಾಸಗಿಯಾಗಿ ಈ ದುಡಿಮೆ ಮಾಡುವುದು ಅಪರಾಧವೇ ಅಲ್ಲ. ಸುತ್ತಲಿನದ್ದೆಲ್ಲ ಅಪರಾಧ. 3ನೇ ಕಲಮು ವೇಶ್ಯಾಗೃಹ ನಡೆಸುವುದು. ವೇಶ್ಯಾಗೃಹದ ವ್ಯಾಖ್ಯಾನ ಓದಿ: ಇಬ್ಬರು ತಮ್ಮಿಬ್ಬರ ಲಾಭಕ್ಕೆ ಒಂದೇ ಜಾಗ ಬಳಸಿದರೂ ಅದು ವೇಶ್ಯಾಗೃಹ. ಸುರಕ್ಷತೆಗೆಂದು ಗೆಳತಿಯ ಜೊತೆ ಬಾಡಿಗೆ ಹಂಚಿಕೊಂಡರೆ ಕೇಸು ಬಿತ್ತು. 4ನೇ ಕಲಮು ಆಕೆಯ ಸಂಪಾದನೆಯಲ್ಲಿ ಬದುಕುವ 18 ದಾಟಿದ ಯಾರಿಗಾದರೂ ಅನ್ವಯ. ಕಾಲೇಜಿಗೆ ಹೋಗುವ ಮಗನೂ, ಮಲಗಿದಲ್ಲೇ ಇರುವ ತಾಯಿಯೂ ಅದರೊಳಗೆ ಬರಬಹುದು. 7ನೇ ಕಲಮು ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ನಿಷೇಧ. ನಮ್ಮ ಊರುಗಳಲ್ಲಿ ಇವುಗಳಿಂದ 200 ಮೀಟರ್ ದೂರದ ಜಾಗ ಹುಡುಕಿ ನೋಡಿ. 8ನೇ ಕಲಮು ಕರೆಯುವುದು, ಸನ್ನೆ ಮಾಡುವುದು. ಬೀದಿಯಲ್ಲಿ ದುಡಿಯುವವರ ಮೇಲೆ ಬೀಳುವುದು ಹೆಚ್ಚಾಗಿ ಇದೇ. ಲಿಯಾನಿನ ದಂಡದ ಚೀಟಿಯ ತಂಗಿ ಅನ್ನಬಹುದು.

ಎರಡನೆಯದು, ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ 2022ರ ಮೇ 19ರಂದು ಬಂದ ಆದೇಶ ಏನು ಹೇಳಿತು ಅನ್ನುವುದು. ನ್ಯಾಯಮೂರ್ತಿಗಳು ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ, ಎ.ಎಸ್. ಬೋಪಣ್ಣ. ಕೋರ್ಟೇ ನೇಮಿಸಿದ್ದ ಸಮಿತಿಯ ಹತ್ತು ಶಿಫಾರಸುಗಳು ಮುಂದಿದ್ದವು. ಅವುಗಳಲ್ಲಿ ನಾಲ್ಕಕ್ಕೆ ಕೇಂದ್ರ ಸರ್ಕಾರ ತಕರಾರು ಎತ್ತಿತು. ಉಳಿದ ಆರನ್ನು ಜಾರಿ ಮಾಡಿ ಎಂದು ಕೋರ್ಟ್ ಸಂವಿಧಾನದ 142ನೇ ವಿಧಿಯಡಿ ನಿರ್ದೇಶಿಸಿತು. ಅತ್ಯಾಚಾರಕ್ಕೊಳಗಾದವರಿಗೆ ಎಲ್ಲರಂತೆ ವೈದ್ಯಕೀಯ ನೆರವು, ರಕ್ಷಣಾಗೃಹಗಳಲ್ಲಿ ಇಷ್ಟವಿಲ್ಲದೆ ಇರಿಸಿಕೊಂಡ ವಯಸ್ಕರ ಸಮೀಕ್ಷೆ, ಪೊಲೀಸರ ವರ್ತನೆ, ಮಾಧ್ಯಮದಲ್ಲಿ ಮುಖ–ಹೆಸರು ತೋರಿಸದಿರುವುದು, ಕಾಂಡೋಮನ್ನು ಅಪರಾಧಕ್ಕೆ ಸಾಕ್ಷಿ ಮಾಡದಿರುವುದು, ಕಾನೂನು ಅರಿವು. ಆಧಾರ್ ಕಾರ್ಡು ಕೊಡುವ ವ್ಯವಸ್ಥೆಯೂ ಅದೇ ಆದೇಶದಲ್ಲಿದೆ. ಪತ್ರಿಕೆಗಳು ದೊಡ್ಡಕ್ಷರದಲ್ಲಿ ಹಾಕಿದ್ದು 'ಇಚ್ಛೆಯಿಂದ ದುಡಿಯುವ ವಯಸ್ಕರ ವಿಷಯದಲ್ಲಿ ಪೊಲೀಸರು ತಲೆಹಾಕುವಂತಿಲ್ಲ', 'ದಾಳಿಯಲ್ಲಿ ಬಂಧಿಸುವಂತಿಲ್ಲ' ಎಂಬ ಎರಡನ್ನು. ಅವೆರಡೂ ತಕರಾರಿನ ನಾಲ್ಕರ ಪೈಕಿಯವು! ಆದೇಶದ ಪಠ್ಯದಲ್ಲಿ ಎಲ್ಲ ಹತ್ತನ್ನೂ ಉಲ್ಲೇಖಿಸಿದ್ದರಿಂದ, ಕೊನೆಯ ಪುಟ ಓದದವರು ಎಲ್ಲವೂ ಆದೇಶವೆಂದು ತಿಳಿದರು. ಇದು ಬರೀ ಪಾಂಡಿತ್ಯದ ವಿಷಯವಲ್ಲ. ಪೋಸ್ಟರ್ ನಂಬಿ ಠಾಣೆಯಲ್ಲಿ ವಾದಿಸುವವರು ನಿಜವಾದ ಜನ.

ಇನ್ನು 'ಕಾನೂನುಬದ್ಧ' ಅನ್ನುವ ಪದವನ್ನೇ ದೂರ ಇಡಿ. ಚಳವಳಿ ಕೇಳುವುದು ಅಪರಾಧಮುಕ್ತಿ. ಕಾನೂನುಬದ್ಧ ಅಂದರೆ ಸರ್ಕಾರವೇ ಲೈಸೆನ್ಸು, ವಲಯ, ತಪಾಸಣೆ ಇಟ್ಟು, ಅದರ ಹೊರಗಿದ್ದವರನ್ನು ಅಪರಾಧಿ ಮಾಡುವುದು. ಅಪರಾಧಮುಕ್ತಿ ಅಂದರೆ ದಂಡಸಂಹಿತೆಯಿಂದ ತೆಗೆದು ಕಾರ್ಮಿಕ ಕಾನೂನಿಗೆ ಒಪ್ಪಿಸುವುದು. ನ್ಯೂಜಿಲೆಂಡ್ 2003ರಲ್ಲಿ ಈ ಎರಡನೆಯದನ್ನು ಮಾಡಿತು, 1987ರಿಂದ ಸಂಘ ಕಟ್ಟಿದ್ದ ಹೆಂಗಸರ ಒತ್ತಾಯಕ್ಕೆ. ಸಂಸತ್ತಿನಲ್ಲಿ 60ಕ್ಕೆ 59, ಒಬ್ಬರು ಮತ ಹಾಕಲಿಲ್ಲ. ನಾಲ್ಕು ಜನದವರೆಗೆ ಸೇರಿ, ಮಾಲೀಕರಿಲ್ಲದೆ, ಪರವಾನಗಿ ಪತ್ರವಿಲ್ಲದೆ ಒಂದೇ ಮನೆಯಲ್ಲಿ ದುಡಿಯಬಹುದು. ನಮ್ಮಲ್ಲಿ ಇಬ್ಬರಾದರೆ ಕೇಸು, ಅಲ್ಲಿ ನಾಲ್ವರಾದರೂ ಇಲ್ಲ. ಆದರೆ ಅಲ್ಲೂ ತಾತ್ಕಾಲಿಕ ವೀಸಾದ ಮೇಲೆ ಬಂದವರನ್ನು 19ನೇ ಕಲಮು ಹೊರಗಿಟ್ಟಿದೆ. ಅದಕ್ಕೇ ಅಲ್ಲಿನ ಸಂಘ ಇನ್ನೂ ಬಡಿದಾಡುತ್ತಿದೆ. ಸ್ವೀಡನ್ 1999ರಲ್ಲಿ ಮೂರನೇ ದಾರಿ ಹಿಡಿಯಿತು: ಕೊಳ್ಳುವವನು ಮಾತ್ರ ಅಪರಾಧಿ. ಸಂಘಟನೆಗಳು ಇದನ್ನು ಒಪ್ಪುವುದಿಲ್ಲ, ಯಾಕೆಂದರೆ ಹಿಡಿಯುವ ಭಯಕ್ಕೆ ಗಿರಾಕಿ ಅವಸರ ಮಾಡುತ್ತಾನೆ, ಕತ್ತಲಿಗೆ ಕರೆಯುತ್ತಾನೆ, ಹೆಸರು ಹೇಳುವುದಿಲ್ಲ. ಅವನನ್ನು ಅಳೆದು ನೋಡಲು ಆಕೆಗೆ ಸಿಗುವ ಎರಡು ನಿಮಿಷವೂ ಹೋಗುತ್ತದೆ.

ಹಳೇಕಡತ

ಕೊಡೆ ಬಿಟ್ಟುಹೋಯಿತು. 2001ರ ವೆನಿಸ್ ಕಲಾಮೇಳದಲ್ಲಿ ಸ್ಲೊವೇನಿಯಾದ ಕಲಾವಿದ ತಾದೇಯ್ ಪೊಗಾಚಾರ್ ಲೈಂಗಿಕ ಕಾರ್ಮಿಕರ ಜೊತೆ ಸೇರಿ ಬೀದಿಯಲ್ಲಿ ಕೆಂಪು ಕೊಡೆ ಹಿಡಿದು ನಡೆದದ್ದು ಮೊದಲು. ಚಳವಳಿಯ ಗುರುತಾಗಿ ಅದನ್ನು ಎತ್ತಿಕೊಂಡದ್ದು 2005ರ ಅಕ್ಟೋಬರಿನಲ್ಲಿ, ಬ್ರಸೆಲ್ಸಿನ ಯುರೋಪ್ ಸಮ್ಮೇಳನದಲ್ಲಿ. ಲಿಯಾನ್ ಹಾಳೆಯ ಮೇಲೆ ಕೆಂಪು ಕೊಡೆ ಬರೆದರೆ 26 ವರ್ಷ ಮುಂಚೆಯೇ ಬಿಡಿಸಿದಂತೆ. ಅದು ಏಳನೇ ಹಾಳೆಗೆ.

ಮತ್ತೆ ಚಿತ್ರಗಳು. ಲಿಯಾನ್ ಚರ್ಚಿನೊಳಗಿನ ಆಗಿನ ಫೋಟೋಗಳಲ್ಲಿ ಮುಖ ಕಾಣುವವರು ಇದ್ದಾರೆ, ಕೆಲವರು ಮುಚ್ಚಿಕೊಂಡಿದ್ದಾರೆ. ಬ್ಯಾನರಿನ ಫೋಟೋ ತೆಗೆದುಕೊಳ್ಳಿ, ಮುಖಗಳದ್ದು ಬೇಡ. ಕೋಲ್ಕತ್ತ, ಮೈಸೂರಿನ ಮೆರವಣಿಗೆ ಫೋಟೋಗಳಿಗೂ ಇದೇ ಮಾತು. ಮೆರವಣಿಗೆಯಲ್ಲಿ ನಡೆಯಲು ಒಪ್ಪಿದವರು ನಿಮ್ಮೂರಿನ ಗೋಡೆಯ ಮೇಲೆ ನಿಲ್ಲಲು ಒಪ್ಪಿದ್ದಾರೆ ಅಂತಲ್ಲ.

ಭಿತ್ತಿಪತ್ರ

ಸರಿ, ಹಾಳೆಗಳ ಕ್ರಮ ಹೀಗೆ ಇಟ್ಟಿದ್ದೇನೆ: (1) ಲಾಕ್ ಆಸ್ಪತ್ರೆ; (2) 1973 ಮತ್ತು 1975; (3) ಪದದ ಹುಟ್ಟು ಮತ್ತು 1985ರ ಸನ್ನದು, ಪಕ್ಕದಲ್ಲಿ ಮಚಾಲಾ, ರಿಯೋ; (4) ಸೋನಾಗಾಚಿ ಮತ್ತು ಉಷಾ; (5) ಮಾರ್ಚ್ 3, ನಿಪ್ಪಾಣಿ, ಮೈಸೂರು, ಬೆಂಗಳೂರು; (6) ಡಿಸೆಂಬರ್ 17; (7) ಕೊಡೆ, ಹಣದ ಷರತ್ತು, 2012; (8) ಕೊನೆಗೆ ಕಾನೂನು. ಆರನೇ ಹಾಳೆಗೆ ಮಾತ್ರ ಚಿತ್ರವೇ ಇಲ್ಲ, ಕಪ್ಪು ಅಂಚು ಅಷ್ಟೇ.

ತುಂಗಾತೀರ

ಹಾಗೇ ಇರಲಿ. ಎಂಟನೇ ಹಾಳೆಗೆ 80 ಪದ ಸಾಲುವುದಿಲ್ಲ. ಏಳನೆಯದರಿಂದ 30 ಕತ್ತರಿಸಿ ಅದಕ್ಕೆ ಕೊಡಿ.